ನಮ್ಮ ಗುಡ್ಡಕ್ಕೆ ಹೆಸರಿಲ್ಲವೆ?

ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಬೆಳಿಗ್ಗೆ ನೀವು ಫಿಲ್ಟರಿಗೆ ಹಾಕಿದ ಕಾಫಿಪುಡಿ ಯಾವ ಊರಿನದು? ಅಂಗಡಿಯ ಹೆಸರು ಬೇಡ. ಪೊಟ್ಟಣದ ಮೇಲೆ ಅಚ್ಚಾದ ಕಂಪನಿಯ ಹೆಸರೂ ಬೇಡ. ಆ ಬೀಜ ಯಾವ ಗುಡ್ಡದಲ್ಲಿ ಹಣ್ಣಾಯಿತು, ಯಾವ ಸೀಮೆಯ ಕಣದಲ್ಲಿ ಒಣಗಿತು ಎಂಬುದಷ್ಟೇ ನನ್ನ ಪ್ರಶ್ನೆ.

ಮೆಣಸಿನಕಾಯಿ ತರುವಾಗ ನಾವು ಬ್ಯಾಡಗಿ ಎಂದು ಕೇಳಿ ತರುತ್ತೇವೆ. ರಸಬಾಳೆಯಾದರೆ ನಂಜನಗೂಡಿನದು, ಸೀರೆಯಾದರೆ ಇಳಕಲ್ಲಿನದು, ಪೇಡೆಯಾದರೆ ಧಾರವಾಡದ್ದು. ಹೂವಾಡಗಿತ್ತಿ ಯಾವುದೋ ಊರಿನ ಮಲ್ಲಿಗೆಯನ್ನು ಮೈಸೂರು ಮಲ್ಲಿಗೆ ಎಂದು ಮಾರಲು ಬಂದರೆ ಮೂಸಿ ನೋಡಿ ‘ಹೋಗಮ್ಮ, ನನಗೆ ಹೇಳ್ತೀಯಾ?’ ಎನ್ನುವಷ್ಟು ಜಾಣೆಯರು ನಾವು. ಆದರೆ ದಿನಕ್ಕೆ ಎರಡು ಮೂರು ಸಲ ಕುಡಿಯುವ ಕಾಫಿಯ ವಿಷಯಕ್ಕೆ ಬಂದರೆ ‘ಅರ್ಧ ಕೆ.ಜಿ. ಕೊಡಿ’ ಎಂಬುದರಾಚೆ ನಮ್ಮ ಬಾಯಿಂದ ಮಾತು ಹೊರಡುವುದಿಲ್ಲ. ಸ್ವಲ್ಪ ತಿಳಿದವರು ‘ಪೀಬರಿ ಇದೆಯೆ?’ ಎನ್ನುತ್ತಾರೆ. ಪೀಬರಿ ಎಂಬುದು ಬೀಜದ ಆಕಾರದ ಹೆಸರು. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡನೆಯ ಬೀಜವಿದ್ದರೆ ಅದು ಪೀಬರಿ. ಅದರಲ್ಲಿ ಊರಿನ ಸುಳಿವೇ ಇಲ್ಲ.

ಈ ಯೋಚನೆ ನನ್ನನ್ನು ಕೆಣಕಿದ್ದು ಸಕಲೇಶಪುರದಾಚೆ, ಎಡಕುಮೇರಿಯ ದಿಕ್ಕಿಗಿರುವ ಒಂದು ರೆಸಾರ್ಟಿನಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅತ್ತೆ ಮಾವಂದಿರ ಮದುವೆಯ ಐವತ್ತನೆಯ ವರ್ಷಕ್ಕೆಂದು ಅಲ್ಲಿ ಊಟ ಇಟ್ಟುಕೊಂಡಿದ್ದಳು. ಮೇಜಿನ ಮೇಲೆ ಉದ್ದನೆಯ ಕಾರ್ಡು. ಅದರಲ್ಲಿ ಒಂದು ಇಡೀ ಪುಟ ವೈನಿಗೇ ಮೀಸಲು. ಫ್ರಾನ್ಸಿನ ಒಂದು ಬಿಳಿ ವೈನಿನ ಮುಂದೆ ನಾಲ್ಕು ಸಾಲಿನ ವರ್ಣನೆ. ಕಸ್ಸಿ ಎಂಬ ಊರಂತೆ, ಮೆಡಿಟರೇನಿಯನ್ ಸಮುದ್ರದ ದಡವಂತೆ, ಸುಣ್ಣಕಲ್ಲಿನ ಇಳಿಜಾರಂತೆ, ಜೇನಿನ ಪರಿಮಳವಂತೆ, ಕೊನೆಗೆ ನಾಲಗೆಯ ಮೇಲೆ ಉಳಿಯುವ ಒಂದಿಷ್ಟು ಉಪ್ಪಿನ ರುಚಿಯಂತೆ. ಒಂದು ಬಾಟಲಿಯ ಬೆಲೆಯಲ್ಲಿ ತೋಟದ ಹೆಣ್ಣಾಳಿಗೆ ಎಷ್ಟೋ ದಿನದ ಕೂಲಿ ಕೊಡಬಹುದಿತ್ತು. ಪುಟ ತಿರುಗಿಸಿದೆ. ಕಟ್ಟಕಡೆಯ ಸಾಲಿನಲ್ಲಿ ಒಂದೇ ಪದ: ಕಾಫಿ.

ಕಿಟಕಿಯಾಚೆ ಕೈಚಾಚಿದರೆ ಸಿಗುವಂತೆ ಕಾಫಿ ಗಿಡಗಳು ನಿಂತಿದ್ದವು. ತರಿಸಿದಾಗ ಬಂದದ್ದು ಬಿಸಿನೀರು, ಹಾಲಿನ ಪುಡಿ, ಹರಿದು ಸುರಿದುಕೊಳ್ಳುವ ಇನ್‌ಸ್ಟಂಟ್ ಕಾಫಿಯ ಕಡ್ಡಿಯಂಥ ಪೊಟ್ಟಣ. ‘ಈ ತೋಟದ್ದೇ ಕಾಫಿ ಇಲ್ಲವೇನಪ್ಪ?’ ಎಂದೆ. ‘ಅದೆಲ್ಲ ಲೋಡಿಗೆ ಹೋಗ್ತದೆ ಮೇಡಂ, ಗೆಸ್ಟಿಗೆ ಇದೇ’ ಎಂದ ಹುಡುಗ. ಅವನ ತಪ್ಪೇನೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಇಲ್ಲಂತೂ ಹಿತ್ತಲ ಗಿಡಕ್ಕೆ ಹೆಸರೇ ಇಲ್ಲ.

ಮನೆಗೆ ಬಂದವಳು ಆ ಕಸ್ಸಿ ಎಂಬ ಊರಿನ ವಿಷಯ ಹುಡುಕಿ ಓದಿದೆ. ಓದಿದಷ್ಟೂ ಆ ಊರಿನವರ ಮೇಲೆ ಗೌರವವೂ ನಮ್ಮವರ ಮೇಲೆ ಸಿಟ್ಟೂ ಒಟ್ಟಿಗೇ ಬೆಳೆದವು.

ಕಸ್ಸಿ ಫ್ರಾನ್ಸಿನ ದಕ್ಷಿಣ ತುದಿಯಲ್ಲಿ, ಮಾರ್ಸೆಯ್ ಎಂಬ ದೊಡ್ಡ ಬಂದರಿನ ಪಕ್ಕದಲ್ಲಿರುವ ಸಣ್ಣ ಊರು. ಮೀನುಗಾರರ ಊರು. ಅಲ್ಲಿರುವ ಜನ ಏಳು ಸಾವಿರದ ಆಸುಪಾಸು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ 394 ಮೀಟರ್ ಎತ್ತರಕ್ಕೆ ಎದ್ದ ಕಾಪ್ ಕನಾಯ್ ಎಂಬ ಕಡಿದಾದ ಬಂಡೆ. ನಡುವಿನ ಸುಣ್ಣಕಲ್ಲಿನ ಇಳಿಜಾರಿನಲ್ಲಿ ಕಲ್ಲು ಪೇರಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ದ್ರಾಕ್ಷಿ ತೋಟಗಳು. ಎಲ್ಲ ಸೇರಿ ಸುಮಾರು 200 ಹೆಕ್ಟೇರ್, ಎಂದರೆ ನಮ್ಮ ಲೆಕ್ಕದಲ್ಲಿ 500 ಎಕರೆ. ಸಕಲೇಶಪುರದ ಕಡೆಯ ಒಂದೆರಡು ದೊಡ್ಡ ಎಸ್ಟೇಟುಗಳನ್ನು ಕೂಡಿಸಿದರೆ ಮುಗಿಯಿತು, ಅಷ್ಟೇ ನೆಲ. ಬೆಳೆಗಾರರ ಮನೆಗಳೂ ಒಂದು ಡಜನ್ನಿನಷ್ಟೆ. ಅಲ್ಲಿ ಆಗುವ ವೈನಿನಲ್ಲಿ ಹೆಚ್ಚಿನ ಪಾಲು ಬಿಳಿಯದು. ಮಾರ್ಸಾನ್, ಕ್ಲೆರೆತ್, ಉನ್ಯಿ ಬ್ಲಾಂ ಮುಂತಾದ ತಳಿಗಳ ರಸ ಕೂಡಿಸಿ ಮಾಡುವಂಥದು. ಬಿಳಿ ವೈನ್ ಎಂದರೆ ತೆಳ್ಳಗೆ ಹುಳಿಹುಳಿ ಎಂಬ ಮಾತಿದೆಯಂತೆ. ಇದು ಹಾಗಲ್ಲ, ಮಾರ್ಸಾನ್ ದ್ರಾಕ್ಷಿಯಿಂದಾಗಿ ಮೈತುಂಬಿಕೊಂಡದ್ದು ಎಂದು ಬಲ್ಲವರು ಬರೆದಿದ್ದಾರೆ. ಆ ಊರಿನ ಮೀನಿನ ಸಾರಿಗೂ ಈ ವೈನಿಗೂ ನಮ್ಮಲ್ಲಿ ಕಡುಬಿಗೂ ಕಾಯಿಚಟ್ನಿಗೂ ಇರುವಂಥ ನಂಟು.

ಆ 500 ಎಕರೆಯ ಹೆಸರು ಏಳು ಸಮುದ್ರ ದಾಟಿ ನಮ್ಮ ಮಲೆನಾಡಿನ ಒಂದು ಮೇಜಿನ ಮೇಲೆ ಬಂದು ಕೂತಿದೆ. ಆ ಮೇಜಿಗೆ ನೂರು ಅಡಿ ದೂರದಲ್ಲಿ ಬೆಳೆದ ಕಾಫಿಯ ಹೆಸರು ಬರಲಿಲ್ಲ. ಅದು ಹೇಗೆ ಎಂಬುದನ್ನು ಹೇಳುವ ಮೊದಲು ನಿಮ್ಮ ಮನಸ್ಸಿನಲ್ಲಿ ಎದ್ದಿರುವ ಇನ್ನೊಂದು ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ. ‘ಟೀಚರಮ್ಮ ವೈನನ್ನು ಹೊಗಳುತ್ತಿದ್ದಾರಲ್ಲ!’

ಹೊಗಳುತ್ತಿಲ್ಲ. ಹೆಂಡದ ಮನೆಗಳ ಮಕ್ಕಳಿಗೆ ಪಾಠ ಹೇಳಿದವಳು ನಾನು. ದಿನಕ್ಕೊಂದು ಲೋಟ ವೈನ್ ಹೃದಯಕ್ಕೆ ಒಳ್ಳೆಯದು ಎಂದು ಪಟ್ಟಣಗಳಲ್ಲಿ ಒಂದು ಮಾತು ಓಡಾಡುತ್ತದೆ. ಮದ್ಯ ಎಷ್ಟೇ ಕಡಿಮೆಯಾದರೂ ಸುರಕ್ಷಿತ ಎನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ. ಇನ್ನೊಂದು ಸಂಗತಿಯೂ ನೆನಪಿರಲಿ. ನಮ್ಮ ಹೆಂಗಸರು ಊರೂರಿನಲ್ಲಿ ಅಂಗಡಿಗಳ ಮುಂದೆ ಕೂತು ಕೂಗಿದ ಮೇಲೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ 2007ರಲ್ಲಿ ರಾಜ್ಯಕ್ಕೆ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಬಡವನ ಪ್ಯಾಕೆಟ್ಟಿಗೆ ಬೀಗ, ಉಳ್ಳವನ ಬಾಟಲಿಗೆ ಪ್ರೋತ್ಸಾಹ. ಇದರ ಬಗ್ಗೆ ನನಗಿರುವ ತಕರಾರನ್ನು ಬೇರೆಯಾಗಿಯೇ ಬರೆಯಬೇಕು. ಇಲ್ಲಿ ನಾನು ನೋಡುತ್ತಿರುವುದು ಬಾಟಲಿಯ ಒಳಗನ್ನಲ್ಲ, ಮೇಲಂಟಿಸಿದ ಚೀಟಿಯನ್ನು. ಕಳ್ಳಿನ ಅಂಗಡಿಯವನು ಲೆಕ್ಕ ಚೆನ್ನಾಗಿ ಬರೆದಿಟ್ಟರೆ ಲೆಕ್ಕ ಕಲಿಯುವುದರಲ್ಲಿ ದೋಷವೇನು?

ಆ ಚೀಟಿಯ ಮೇಲಿನ ಹೆಸರು ಪುಕ್ಕಟೆ ಬಂದದ್ದಲ್ಲ. ಅದರ ಹಿಂದೆ ಒಂದು ದೊಡ್ಡ ಜಗಳವಿದೆ.

1863ರ ಹೊತ್ತಿಗೆ ಫ್ರಾನ್ಸಿನ ದಕ್ಷಿಣದಲ್ಲಿ ದ್ರಾಕ್ಷಿಯ ಬೇರನ್ನು ತಿನ್ನುವ ಫಿಲಾಕ್ಸರಾ ಎಂಬ ಸಣ್ಣ ಹುಳು ಕಾಣಿಸಿಕೊಂಡಿತು. ನೋಡುನೋಡುತ್ತಿದ್ದಂತೆ ಸೀಮೆಗೆ ಸೀಮೆಯೇ ಒಣಗಿಹೋಯಿತು. ಕಸ್ಸಿಯ ತೋಟಗಳೂ ನೆಲಕಚ್ಚಿದವು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯ ಕಾಫಿಗೆ ಕಾಂಡಕೊರಕ ಹತ್ತಿದ್ದು, ಅದರ ಬೆನ್ನಿಗೇ ಎಲೆತುಕ್ಕು ರೋಗ ಬಂದದ್ದು. ಅಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ತಮ್ಮ ತಳಿಯ ಕಸಿ ಕಟ್ಟಿ ಜನ ಮತ್ತೆ ತೋಟ ಎಬ್ಬಿಸಿದರು. ಅಷ್ಟರಲ್ಲಿ ಪೇಟೆಯಲ್ಲಿ ಕಳ್ಳವೈನ್ ತುಂಬಿತ್ತು. ಸಕ್ಕರೆ ನೀರು, ಒಣದ್ರಾಕ್ಷಿ, ಒಂದಿಷ್ಟು ಬಣ್ಣ ಕೂಡಿಸಿ ವೈನ್ ಎಂದು ಮಾರುತ್ತಿದ್ದರು. ನಿಜವಾದ ವೈನಿನ ಬೆಲೆ ಪಾತಾಳಕ್ಕಿಳಿಯಿತು. ಸಾಲ ತೀರಿಸಲಾಗದೆ ರೈತರು ಕಂಗಾಲಾದರು.

1907ರಲ್ಲಿ ಲಾಂಗ್‌ದಾಕ್ ಎಂಬ ಆ ದಕ್ಷಿಣ ಸೀಮೆಯ ಜನ ಬೀದಿಗಿಳಿದರು. ಮಾರ್ಸೆಲಾಂ ಅಲ್ಬೇರ್ ಎಂಬ ಒಬ್ಬ ಸಣ್ಣ ರೈತ, ಊರಿನಲ್ಲಿ ಒಂದು ಕಾಫಿ ಅಂಗಡಿ ಇಟ್ಟುಕೊಂಡಿದ್ದವನು, ಅವರ ಮುಂದಾಳು. ಭಾನುವಾರ ಬಂತೆಂದರೆ ಒಂದೊಂದು ಪಟ್ಟಣದಲ್ಲಿ ಸಭೆ. ಜೂನ್ 9ರಂದು ಮೊಂಪೆಲಿಯೆ ನಗರದಲ್ಲಿ ಸೇರಿದವರು ಐದು ಲಕ್ಷಕ್ಕೂ ಹೆಚ್ಚು. ಸರ್ಕಾರ ಸೈನ್ಯ ಕಳಿಸಿತು. ನಾರ್ಬೊನ್ ಪಟ್ಟಣದಲ್ಲಿ ಗುಂಡು ಹಾರಿತು. ಸತ್ತವರಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಅದೇ ಸೀಮೆಯ ಹುಡುಗರಿದ್ದ ಒಂದು ಪದಾತಿ ದಳ ತಮ್ಮ ಅಪ್ಪ ಅಣ್ಣಂದಿರ ಮೇಲೆ ಬಂದೂಕು ಎತ್ತುವುದಿಲ್ಲ ಎಂದು ದಂಗೆಯೆದ್ದಿತು. ಜೂನ್ 29ಕ್ಕೆ ಕಾನೂನು ಬಂತು. ಪ್ರತಿ ರೈತನೂ ತನ್ನ ಸುಗ್ಗಿಯಲ್ಲಿ ಎಷ್ಟು ವೈನ್ ಆಯಿತು ಎಂದು ಬರೆದುಕೊಡಬೇಕು, ವೈನಿಗೆ ಸುರಿಯುವ ಸಕ್ಕರೆಯ ಮೇಲೆ ತೆರಿಗೆ ಬೀಳಬೇಕು. ಬೆಳೆದದ್ದಕ್ಕಿಂತ ಹೆಚ್ಚು ಮಾರಿದವನು ಸಿಕ್ಕಿಬಿದ್ದ.

ಅಲ್ಲಿಂದ ಮುಂದೆ ಊರ ಹೆಸರಿನ ಸರದಿ. 1935ರಲ್ಲಿ ಫ್ರಾನ್ಸ್ ಇನ್ನೊಂದು ಕಾನೂನು ಮಾಡಿತು. ಒಂದು ಊರಿನ ಹೆಸರನ್ನು ಬಾಟಲಿಯ ಮೇಲೆ ಹಾಕಬೇಕಾದರೆ ದ್ರಾಕ್ಷಿ ಆ ಊರಿನ ಗೆರೆಯೊಳಗೇ ಬೆಳೆದಿರಬೇಕು, ಗೊತ್ತುಮಾಡಿದ ತಳಿಯೇ ಆಗಿರಬೇಕು, ಒಂದು ಹೆಕ್ಟೇರಿಗೆ ಇಷ್ಟಕ್ಕಿಂತ ಹೆಚ್ಚು ಇಳುವರಿ ತೆಗೆಯಬಾರದು. ಈ ನಿಯಮದ ಕೆಳಗೆ ಮಾನ್ಯತೆ ಪಡೆದ ಮೊಟ್ಟಮೊದಲ ಕೆಲವೇ ಹೆಸರುಗಳಲ್ಲಿ ಕಸ್ಸಿಯೂ ಒಂದು. ತಾರೀಖು 1936ರ ಮೇ 15. ಅಂದಿನಿಂದ ಪಕ್ಕದೂರಿನ ದ್ರಾಕ್ಷಿ ಎಷ್ಟೇ ಸಿಹಿಯಾಗಿದ್ದರೂ ಕಸ್ಸಿಯ ಹೆಸರು ಹೊರುವಂತಿಲ್ಲ.

ಈಗ ನಮ್ಮ ಗುಡ್ಡಕ್ಕೆ ಬರೋಣ.

ಎಡಕುಮೇರಿ ಎಂದರೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದು ಒಂದು ರೈಲು ನಿಲ್ದಾಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ದಾರಿ, ಐವತ್ತೇಳು ಸುರಂಗ, ನೂರಕ್ಕೂ ಮಿಕ್ಕ ಸೇತುವೆ, ಕೆಳಗೆ ಕೆಂಪುಹೊಳೆ. ಕುಮೇರಿ ಎಂದರೆ ಕಾಡು ಸವರಿ, ಸುಟ್ಟು, ಬೂದಿಯ ಮೇಲೆ ಬಿತ್ತುವ ಹಳೆಯ ಗುಡ್ಡದ ಬೇಸಾಯ. ಆ ಬೇಸಾಯ ಹೋಗಿ ಹೆಸರೊಂದು ಉಳಿದಿದೆ. ಈಗ ಆ ಹೆಸರನ್ನು ಯಾರು ಮಾರುತ್ತಿದ್ದಾರೆ ನೋಡಿ. ಹಳಿಯ ಮೇಲೆ ನಡೆಯುವುದನ್ನು ರೈಲ್ವೆ ಇಲಾಖೆ ನಿಷೇಧಿಸಿದ ಮೇಲೂ ಬೆಂಗಳೂರಿನಿಂದ ಹುಡುಗರು ಚಾರಣವೆಂದು ಬಂದು ಖಾಲಿ ಬಾಟಲಿ ಎಸೆದು ಹೋಗುತ್ತಾರೆ. ಅದು ಬಿಟ್ಟರೆ ಗುಡ್ಡ ಕುಸಿದಾಗ ಹೆಸರು ಪತ್ರಿಕೆಯಲ್ಲಿ ಬರುತ್ತದೆ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು ಮಂಗಳೂರಿನ ರೈಲು ದಿನಗಟ್ಟಲೆ ನಿಂತಾಗ ಎಲ್ಲರ ಬಾಯಲ್ಲೂ ಇದೇ ಹೆಸರು. ಕುಸಿಯಲು ಹೆಸರಿದೆ, ಕುಣಿಯಲು ಹೆಸರಿದೆ. ಸುತ್ತಲಿನ ದೋಣಿಗಾಲ್, ಕಡಗರವಳ್ಳಿ, ಹಾನುಬಾಳಿನ ಇಳಿಜಾರುಗಳಲ್ಲಿ ಬೆಳೆದದ್ದಕ್ಕೆ ಹೆಸರಿಲ್ಲ.

ಇಲ್ಲ ಎಂದರೆ ಮೊದಲಿನಿಂದಲೂ ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಸಕಲೇಶಪುರದ ಈ ಸೀಮೆಯನ್ನು ಮಂಜರಾಬಾದ್ ತಾಲ್ಲೂಕು ಎಂದೇ ಕರೆಯುತ್ತಿದ್ದರು. ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದಂಥ ಕೋಟೆಗೂ ಅದೇ ಹೆಸರು. ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ಬೆಳೆಗಾರ 1850ರ ದಶಕದಲ್ಲಿ ಇಲ್ಲಿ ಬಂದು ಕಾಫಿ ತೋಟ ಮಾಡಿದ. ತನ್ನ ಅನುಭವಗಳನ್ನು 1871ರಲ್ಲಿ, ಮತ್ತೆ 1894ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ನೂರೈವತ್ತು ವರ್ಷದ ಹಿಂದೆ ಲಂಡನ್ನಿನ ಓದುಗರಿಗೆ ಗೊತ್ತಿದ್ದ ಮಂಜರಾಬಾದ್ ಇವತ್ತು ಹಾಸನದ ಸಂತೆಪೇಟೆಯಲ್ಲಿ ಕಾಫಿಪುಡಿ ಕೊಳ್ಳುವ ನಮಗೆ ಗೊತ್ತಿಲ್ಲ.

ಹೆಸರು ಕಳೆದದ್ದು ಹೇಗೆ? ಅದಕ್ಕೂ ಒಂದು ಕಥೆಯಿದೆ, ಮತ್ತು ಅದರಲ್ಲಿ ಖಳನಾಯಕರಿಲ್ಲ. ಎರಡನೆಯ ಮಹಾಯುದ್ಧ ಶುರುವಾದಾಗ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಬೆಳೆಗಾರರನ್ನು ಉಳಿಸಲು ಸರ್ಕಾರ ಮುಂದೆ ಬಂತು. 1942ರ ಕಾಫಿ ಕಾಯ್ದೆಯ ಪ್ರಕಾರ ಎಲ್ಲರೂ ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಒಂದೇ ರಾಶಿಗೆ ಒಪ್ಪಿಸಬೇಕಾಯಿತು. ಪೂಲ್ ಎಂದು ಅದನ್ನು ಕರೆದರು. ಸಣ್ಣ ಬೆಳೆಗಾರನಿಗೆ ಅದು ಆ ಕಾಲದಲ್ಲಿ ಆಸರೆಯೇ ಆಯಿತು. ಆದರೆ ರಾಶಿಗೆ ಬಿದ್ದ ಮೇಲೆ ಕೊಡಗಿನದು ಯಾವುದು, ಬಾಬಾಬುಡನ್‌ಗಿರಿಯದು ಯಾವುದು, ಮಂಜರಾಬಾದಿನದು ಯಾವುದು? ಊರು ಹೋಗಿ ದರ್ಜೆ ಬಂತು. ಪ್ಲಾಂಟೇಶನ್ ಎ, ಪೀಬರಿ, ಚೆರ್ರಿ ಎಬಿ. ತರಗತಿಯ ಮಕ್ಕಳಿಗೆ ಹೆಸರು ಕರೆಯುವುದು ಬಿಟ್ಟು ಮೊದಲನೆ ಸಾಲು, ಎರಡನೆ ಸಾಲು ಎಂದು ಕರೆದಂತೆ. 1992ರಿಂದ ಹಂತಹಂತವಾಗಿ ಈ ಕಟ್ಟು ಸಡಿಲವಾಗಿ 1996ರಲ್ಲಿ ಪೂರ್ತಿ ಬಿಚ್ಚಿತು. ಮೂವತ್ತು ವರ್ಷವಾಯಿತು. ಕಟ್ಟು ಬಿಚ್ಚಿದರೂ ಎತ್ತು ಗೂಟದ ಸುತ್ತಲೇ ತಿರುಗುತ್ತಿದೆ.

ಕಾನೂನು ಇಲ್ಲವೆಂದು ಹೇಳುವಂತಿಲ್ಲ. ಭೌಗೋಳಿಕ ಸೂಚಕಗಳ ಕಾಯ್ದೆ ನಮ್ಮ ದೇಶದಲ್ಲಿ 1999ರಲ್ಲೇ ಆಗಿ 2003ರಲ್ಲಿ ಜಾರಿಗೆ ಬಂತು. ಮೊದಲ ನೋಂದಣಿ ಡಾರ್ಜಿಲಿಂಗ್ ಚಹಾದ್ದು. ನಾನು ಮೊದಲಿಗೆ ಹೇಳಿದ ಮಲ್ಲಿಗೆ, ಮೆಣಸಿನಕಾಯಿ, ಪೇಡೆ ಎಲ್ಲಕ್ಕೂ ಈಗ ಆ ಕಾಯ್ದೆಯ ರಕ್ಷಣೆಯಿದೆ. ಬೆಂಗಳೂರು ನೀಲಿ ದ್ರಾಕ್ಷಿಗೂ ಇದೆ. 2019ರ ಮಾರ್ಚಿನಲ್ಲಿ ಐದು ಕಾಫಿಗಳಿಗೆ ಈ ಮಾನ್ಯತೆ ಸಿಕ್ಕಿತು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆಯ ಅರೇಬಿಕಾ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಹಾಸನ ಜಿಲ್ಲೆಯ ಗುಡ್ಡಗಳ ಹೆಸರು ಅದರಲ್ಲಿಲ್ಲ. ವಿಚಿತ್ರವೆಂದರೆ ಕಾಫಿ ಮಂಡಳಿಯೇ ದೇಶದ ಕಾಫಿ ಸೀಮೆಗಳೆಂದು ಗುರುತಿಸಿ ಒಂದೊಂದಕ್ಕೂ ಲಾಂಛನ ಬರೆಸಿದ ಹದಿಮೂರು ಹೆಸರುಗಳಲ್ಲಿ ಮಂಜರಾಬಾದ್ ಇದೆ! ಲಾಂಛನವಿದೆ, ಸೀಮೆಯಿದೆ, ಕಾಫಿಯಿದೆ. ಐವರ ಸಾಲಿನಲ್ಲಿ ಮಾತ್ರ ಜಾಗವಿಲ್ಲ. ಮದುವೆಗೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ.

ಅತ್ತ ನಂದಿಬೆಟ್ಟದ ತಪ್ಪಲನ್ನು ನೋಡಿ. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಶುರುವಾದ ಗ್ರೋವರ್ ಸಂಸ್ಥೆ ಫ್ರಾನ್ಸಿನ ತಳಿಗಳನ್ನು ತರಿಸಿ ನೆಟ್ಟಿತು. ಕಸ್ಸಿಯ ಇಳಿಜಾರಿನಲ್ಲಿ ಬೆಳೆಯುವ ಆ ಕ್ಲೆರೆತ್ ದ್ರಾಕ್ಷಿಯೂ ಅಲ್ಲಿಗೆ ಬಂತು. ನಂದಿಬೆಟ್ಟದ ಹೆಸರನ್ನು ಹೇಳಿಕೊಂಡೇ ಆ ವೈನ್ ಪೇಟೆಗೆ ಹೋಯಿತು. ಅಲ್ಲಿ ನೆಟ್ಟು ನಾಲ್ಕು ದಶಕವೂ ತುಂಬದ ಬಳ್ಳಿಗೆ ಬೆಟ್ಟದ ಹೆಸರು ಬೇಕೆಂದು ಹೊಳೆಯಿತು. ಒಂದೂವರೆ ಶತಮಾನ ದಾಟಿದ ನಮ್ಮ ಗಿಡಕ್ಕೆ ಅದು ಬೇಕೆಂದು ಯಾರಿಗೂ ಅನಿಸಲಿಲ್ಲ.

ಇದನ್ನೆಲ್ಲ ಹೇಳಿದಾಗ ಬೆಳೆಗಾರರ ಮನೆಯ ಗಂಡಸರು ಕೊಡುವ ಉತ್ತರಗಳು ಮೂರು. ಮೂರಕ್ಕೂ ನನ್ನಲ್ಲಿ ಮಾತಿದೆ.

ಮೊದಲನೆಯದು: ‘ಈಗ ಬೆಲೆ ಚೆನ್ನಾಗಿದೆ, ಹೆಸರು ಕಟ್ಟಿಕೊಂಡು ಏನಾಗಬೇಕು?’ ಬೆಲೆ ಏರಿದ್ದು ನಿಜ. ಅದು ಏರಿದ್ದು ನಿಮ್ಮ ಕಾಫಿಯ ರುಚಿಗಾಗಿ ಅಲ್ಲ, ಬ್ರೆಜಿಲಿನಲ್ಲೂ ವಿಯೆಟ್ನಾಮಿನಲ್ಲೂ ಮಳೆ ಕೈಕೊಟ್ಟಿದ್ದರಿಂದ. ಅಲ್ಲಿ ಮಳೆಯಾದರೆ ಇಲ್ಲಿ ಬೆಲೆ ಇಳಿಯುತ್ತದೆ. 2001, 2002ರಲ್ಲಿ ಬೆಲೆ ಬಿದ್ದಾಗ ತೋಟದ ಮನೆಗಳಲ್ಲಿ ಒಡವೆ ಬ್ಯಾಂಕಿಗೆ ಹೋದದ್ದನ್ನು ಮರೆತಿರಾ? ಆ ಒಡವೆ ಯಾರ ಕೊರಳಿನದು ಎಂದು ನಿಮ್ಮ ಮನೆಯವರನ್ನು ಕೇಳಿ. ಹೆಸರಿಲ್ಲದ ಮಾಲಿಗೆ ಪರರ ಮಳೆಯೇ ಗತಿ.

ಎರಡನೆಯದು: ‘ಕಾಫಿ ಎಂದ ಮೇಲೆ ಬೆರಕೆಯೇ. ನಾಲ್ಕು ಕಡೆಯ ಬೀಜ ಕೂಡಿಸಿದರೇ ರುಚಿ.’ ಕಸ್ಸಿಯ ವೈನೂ ಬೆರಕೆಯೇ ಎಂದು ಆಗಲೇ ಹೇಳಿದೆನಲ್ಲ. ಮೂರು ನಾಲ್ಕು ತಳಿ ಕೂಡಿಸುತ್ತಾರೆ, ಆದರೆ ಎಲ್ಲವೂ ಆ ಗೆರೆಯ ಒಳಗಿನವು. ಅರೇಬಿಕಾ, ರೊಬಸ್ಟಾ ಎರಡೂ ನಮ್ಮ ಗುಡ್ಡದಲ್ಲೇ ಬೆಳೆಯುತ್ತವೆ. ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸು, ಮುಂಗಾರಿನ ಎಡೆಬಿಡದ ಮಳೆ, ಬೇಸಿಗೆಯ ಹೂಮಳೆ, ಎಲ್ಲ ಈ ನೆಲದ್ದೇ. ಬೆರಸಬೇಡಿ ಎಂದು ನಾನು ಹೇಳುತ್ತಿಲ್ಲ. ಏನನ್ನು ಬೆರೆಸಿದಿರಿ ಎಂದು ಹೇಳಿ ಎನ್ನುತ್ತಿದ್ದೇನೆ.

ಏಕೆಂದರೆ ನಿಜವಾದ ಬೆರಕೆ ಬೇರೆಯೇ ಇದೆ. ನಿಮ್ಮ ಮನೆಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ, ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿ. ಕಾಫಿ 53, ಚಿಕೋರಿ 47 ಎಂದು ಹಲವು ಪೊಟ್ಟಣಗಳ ಮೇಲೆ ಕಾಣುತ್ತದೆ. ಚಿಕೋರಿ ಎಂದರೆ ಒಂದು ಗಿಡದ ಬೇರು, ಹೆಚ್ಚಾಗಿ ಗುಜರಾತಿನಲ್ಲೂ ಉತ್ತರ ಪ್ರದೇಶದಲ್ಲೂ ಬೆಳೆಯುವಂಥದು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಕಾಫಿ ಸಿಗದೆ ಹೋದಾಗ ಇದೇ ಫ್ರಾನ್ಸಿನವರು ಹುರಿದು ಕುದಿಸಿ ಕುಡಿಯಲು ಹಿಡಿದದ್ದು. ಕಾಫಿಯೊಡನೆ ಬೆರೆಸಿ ಮಾರಿದರೆ ಅರ್ಧಕ್ಕಿಂತ ಕಡಿಮೆಯಿರಬೇಕು, ಎಷ್ಟೆಂದು ಪೊಟ್ಟಣದ ಮೇಲೆ ಬರೆಯಬೇಕು ಎಂದು ನಮ್ಮ ಆಹಾರ ಕಾನೂನು ಹೇಳುತ್ತದೆ. ಆದ್ದರಿಂದ ಇದು ಕಳ್ಳತನವಲ್ಲ. ಚಿಕೋರಿ ಬೇಕೆಂದೇ ಕುಡಿಯುವವರೂ ಇದ್ದಾರೆ, ಅವರ ಇಷ್ಟ. ನನ್ನ ಬೇಸರ ಬೇರೆ. ವೈನಿನಲ್ಲಿ ಸಕ್ಕರೆ ನೀರು ಬಿದ್ದದ್ದಕ್ಕೆ ಲಾಂಗ್‌ದಾಕಿನಲ್ಲಿ ಐದು ಲಕ್ಷ ಜನ ಬೀದಿಗೆ ಬಂದರು. ಕಾಫಿಯ ನಾಡಿನ ನಾವು ಅರ್ಧ ಲೋಟ ಬೇರಿನ ಕಷಾಯ ಕುಡಿದು, ಅದನ್ನು ಗಟ್ಟಿ ಡಿಕಾಕ್ಷನ್ ಎಂದು ಕರೆದು, ನೆಂಟರಿಗೂ ಕೊಟ್ಟು ಹೊಗಳಿಸಿಕೊಳ್ಳುತ್ತೇವೆ. ಒಳ್ಳೆಯ ಬೀಜ? ಅದು ಹಡಗು ಹತ್ತುತ್ತದೆ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಇಟಲಿಯದು ಮೇಲುಸ್ಥಾನ. ಅದೇ ಮೆಡಿಟರೇನಿಯನ್ ದಡದ ದೇಶ! ಅಲ್ಲಿ ಹುರಿದು, ಪುಡಿ ಮಾಡಿ, ಅವರ ಹೆಸರು ಹಾಕಿಕೊಳ್ಳುತ್ತಾರೆ. ಹೆತ್ತವರು ನಾವು, ಹೆಸರಿಟ್ಟವರು ಅವರು.

ಮೂರನೆಯ ಉತ್ತರ: ‘ಹೆಸರು ಎಂಬುದು ದೊಡ್ಡ ಸಾಹುಕಾರರ ಆಟ, ಕೂಲಿಯವರಿಗೇನು ಸಿಗುತ್ತದೆ?’ ಇದು ನಿಜಕ್ಕೂ ತೂಕದ ಮಾತು. ಆದರೆ ಇದನ್ನು ಹೇಳುವವರು ಸಾಮಾನ್ಯವಾಗಿ ಸಾಹುಕಾರರೇ ಎಂಬುದು ತಮಾಷೆ. ಕಾಫಿಯ ಕೆಲಸದಲ್ಲಿ ಹೆಚ್ಚಿನದು ಹೆಂಗಸರ ಕೈಯದು. ಚಳಿಗಾಲದ ಬೆಳಗಿನ ಮಂಜಿನಲ್ಲಿ ಒದ್ದೆ ಎಲೆಗಳ ನಡುವೆ ನಿಂತು ಹಣ್ಣು ಬಿಡಿಸುವವರು ಅವರು. ಕ್ಯೂರಿಂಗ್ ವರ್ಕ್ಸಿನಲ್ಲಿ ಸಾಲಾಗಿ ಕೂತು ಕಪ್ಪುಬೀಜ, ಒಡೆದ ಬೀಜ ಆರಿಸುತ್ತಾ ಬಂದವರೂ ಅವರೇ. ಆಲೂರು, ಸಕಲೇಶಪುರದ ತೋಟಗಳಲ್ಲಿ ಈಗ ಇನ್ನೊಂದು ಭಯ ಸೇರಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಗಿಡದ ಸಾಲಿನಾಚೆ ಆನೆ ನಿಂತಿದೆಯೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ನೋಡಬೇಕು. ಹೆಸರು ಬಂದರೆ ಸಾಲದು, ಹೆಸರಿನಿಂದ ಬಂದ ಹಣದಲ್ಲಿ ಇವಳ ಪಾಲೆಷ್ಟು ಎಂಬುದನ್ನೂ ಬರೆಯಬೇಕು. ಕಸ್ಸಿಯ ನಿಯಮದಲ್ಲಿ ಗೆರೆ, ತಳಿ, ಇಳುವರಿ ಇವೆ. ನಮ್ಮ ನಿಯಮಕ್ಕೆ ಕೂಲಿಯ ಒಂದು ಸಾಲನ್ನು ನಾವೇ ಸೇರಿಸೋಣ. ಅವರಿಂದ ಕಲಿತು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಬಾರದೆಂಬ ಶಾಸ್ತ್ರವಿದೆಯೆ?

ಹೆಸರಿನಿಂದ ಎಲ್ಲ ಸಂಕಟವೂ ತೀರುತ್ತದೆ ಎಂಬ ಭ್ರಮೆ ನನಗಿಲ್ಲ. ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರೆ ಅದು ಗೋಡೆಗೇ ಶೋಭೆ. ಚೆನ್ನೈಯ ನೋಂದಣಿ ಕಚೇರಿಗೆ ಅರ್ಜಿ ಹಾಕುವುದು ಮೊದಲ ಮೆಟ್ಟಿಲು. ಬೆಳೆಗಾರರ ಸಂಘವೂ ಹಾಕಬಹುದು, ಕಾಫಿ ಮಂಡಳಿಯೂ ಹಾಕಬಹುದು. ಆಮೇಲೆ ಒಬ್ಬೊಬ್ಬ ಬೆಳೆಗಾರನೂ ತಾನು ಆ ಹೆಸರಿನ ಬಳಕೆದಾರನೆಂದು ನೋಂದಾಯಿಸಿಕೊಳ್ಳಬೇಕು. ಆಮೇಲೆ ಆ ಹೆಸರಿಗೆ ತಕ್ಕ ಕಾಫಿ ಕೊಡಬೇಕು. ಹಸಿರು ಕಾಯಿ, ಹಣ್ಣು ಎಲ್ಲ ಒಟ್ಟಿಗೆ ಜಗ್ಗಿ ಚೀಲಕ್ಕೆ ತುಂಬಿದರೆ ಮಂಜರಾಬಾದ್ ಎಂಬ ಹೆಸರೂ ನಾಲ್ಕು ದಿನದಲ್ಲಿ ನಗೆಪಾಟಲಾಗುತ್ತದೆ. ಕಸ್ಸಿಯವರು ಇಳುವರಿಗೆ ತಾವೇ ಮಿತಿ ಹಾಕಿಕೊಂಡರು, ಅದೇ ಅವರ ಹೆಸರಿನ ಬೆಲೆ.

ಬೆಳೆಗಾರರ ಸಂಘಗಳಲ್ಲಿ ನಮ್ಮ ಮಾತು ನಡೆಯುವುದಿಲ್ಲ ಎಂದು ನೀವು ಹೇಳಬಹುದು. ಅಂಗಡಿಯಲ್ಲಿ ನಡೆಯುತ್ತದೆ. ಮನೆಗೆ ಯಾವ ಕಾಫಿಪುಡಿ ಬರಬೇಕೆಂದು ನಿರ್ಧರಿಸುವವರು ನಾವು. ಹಾಸನ, ಮೈಸೂರು, ತುಮಕೂರು, ಶಿವಮೊಗ್ಗದ ನೂರು ನೂರು ಅಂಗಡಿಗಳಲ್ಲಿ ಇನ್ನೂ ಕಣ್ಣೆದುರಿಗೇ ಬೀಜ ಹುರಿದು ಪುಡಿ ಮಾಡಿಕೊಡುತ್ತಾರೆ. ಅಲ್ಲಿ ನಿಂತು ಎರಡು ಪ್ರಶ್ನೆ ಕೇಳಿ. ‘ಈ ಬೀಜ ಯಾವ ಸೀಮೆಯದು? ಚಿಕೋರಿ ಎಷ್ಟು ಹಾಕುತ್ತೀರಿ?’ ಮೊದಲ ದಿನ ಅಂಗಡಿಯವರು ಮುಖ ನೋಡುತ್ತಾರೆ. ಹತ್ತು ಜನ ಕೇಳಿದರೆ ಬೀಜ ಕೊಟ್ಟವರನ್ನು ಅವರು ಕೇಳುತ್ತಾರೆ. ನೂರು ಜನ ಕೇಳಿದರೆ ಹಲಗೆಯ ಮೇಲೆ ಬರೆದು ಹಾಕುತ್ತಾರೆ. ವ್ಯಾಪಾರಿಗೆ ಲಾಭದ ವಾಸನೆ ನಮಗಿಂತ ಬೇಗ ಹತ್ತುತ್ತದೆ. ಮಹಿಳಾ ಸಮಾಜಗಳಲ್ಲಿ ರಂಗೋಲಿ ಸ್ಪರ್ಧೆಯ ಜೊತೆಗೆ ಒಂದು ದಿನ ಕಾಫಿಯ ರುಚಿ ನೋಡುವ ಸ್ಪರ್ಧೆ ಇಡಿ. ಚಿಕೋರಿಯಿಲ್ಲದ ಮಂಜರಾಬಾದ್, ಚಿಕೋರಿಯಿಲ್ಲದ ಚಿಕ್ಕಮಗಳೂರು, ಪಕ್ಕದಲ್ಲಿ ದಿನಾ ಕುಡಿಯುವ ಪುಡಿ. ಮಲ್ಲಿಗೆ ಮೂಸಿ ಊರು ಹೇಳುವ ಮೂಗಿಗೆ ಇದೇನು ದೊಡ್ಡ ಪರೀಕ್ಷೆ?

ಸಕಲೇಶಪುರದ ಬೆಳೆಗಾರರಿಗೆ, ರೆಸಾರ್ಟಿನ ಮಾಲೀಕರಿಗೆ, ಕಾಫಿ ಮಂಡಳಿಯವರಿಗೆ ಒಂದೇ ಮಾತು. ದೂರದ ಸಮುದ್ರದ ದಡದ 500 ಎಕರೆಯ ಬಗ್ಗೆ ನಾಲ್ಕು ಸಾಲು ಬರೆಯಲು ನಿಮಗೆ ಬರುತ್ತದೆ. ಹೇಮಾವತಿಯ ಈ ದಡದ ಬಗ್ಗೆ ಒಂದು ಸಾಲು ಬರೆಯಿರಿ. ಮಂಜರಾಬಾದ್ ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಪೊಟ್ಟಣದ ಮುಂಭಾಗಕ್ಕೆ. ಬರೆದದ್ದಕ್ಕೆ ತಕ್ಕ ಕಾಫಿ ಒಳಗಿರಲಿ. ಎರಡು ರೂಪಾಯಿ ಹೆಚ್ಚಾದರೂ ಕೊಳ್ಳುವ ಹೊಣೆ ನಮ್ಮದು.